ಎರಿಮಣ್ಣಿನ ಗುಡ್ಡೆ ಕರಗಿದ ಮಳೆಗಾಲ

ಹೋದ ತಿಂಗಳು ವಿಜಯಪುರದಲ್ಲಿ ಮಗಳ ಮನೆಗೆ ಕಲ್ಲು ಕೊಯ್ಯುವ ಹುಡುಗರು ಬಂದಿದ್ದರು. ಅಡುಗೆಮನೆಗೆ ಹೊಸ ಕಟ್ಟೆ ಬೇಕಂತೆ. ಯಂತ್ರಕ್ಕೆ ನೀರು ಬಿಟ್ಟುಕೊಂಡು ಕರ್ರೆಂದು ಕೊಯ್ಯುತ್ತಿದ್ದರು. ಚಹಾ ಕೊಡಲು ಹೋದ ನಾನು ತಟ್ಟೆ ಹಿಡಿದುಕೊಂಡು ಹೊಸ್ತಿಲಲ್ಲೇ ನಿಂತುಬಿಟ್ಟೆ. ಒದ್ದೆ ಕಲ್ಲುಪುಡಿಯ ವಾಸನೆ. "ಅವ್ವಾ, ಧೂಳಾಗ ಯಾಕ ನಿಂತಿ, ಒಳಗ ಬಾ" ಎಂದು ಮಗಳು ಒದರುತ್ತಿದ್ದಳು. ಹುಡುಗರು ಪಾಪ, ಕೇಳಲೂ ಆಗದೆ ಬಿಡಲೂ ಆಗದೆ ಆರುತ್ತಿದ್ದ ಚಹಾ ನೋಡುತ್ತಿದ್ದರು. ಆ ವಾಸನೆ ಮೂಗಿಗೆ ಬಡಿದರೆ ನನಗೆ ಇವತ್ತಿಗೂ ನನ್ನ ಅತ್ತೆ ನೀಲವ್ವನ ನೆನಪಾಗುತ್ತದೆ. ಅದನ್ನು ಅವರಿಗೆಲ್ಲ ಹೇಳುತ್ತ ಕೂಡಲು ಆಗುತ್ತದೆಯೇ?

ಎಪ್ಪತ್ತರ ದಶಕದ ನಡುವಿನ ಮಾತು. ನಿಡಗುಂದಿಯಲ್ಲಿ ಹುಟ್ಟಿದ ನನ್ನನ್ನು ಮುದ್ದೇಬಿಹಾಳ ತಾಲೂಕಿನ ಒಂದು ಹಳ್ಳಿಗೆ ಕೊಟ್ಟರು. ಗಂಡ ಸಿಂದಗಿಯಲ್ಲಿ ಸಾಲಿ ಮಾಸ್ತರ. ಶನಿವಾರ ಬಂದರೆ ಸೋಮವಾರ ಮೊದಲ ಬಸ್ಸಿಗೆ ಹೊರಡುತ್ತಿದ್ದರು. ನನ್ನ ಲಗ್ನವಾದ ವರ್ಷವೇ ಮಾವ ತೀರಿಕೊಂಡಿದ್ದರು. ಹೀಗಾಗಿ ಮನೆಯಲ್ಲಿ ನಾನು ಮತ್ತು ಅತ್ತೆ, ಇಬ್ಬರೇ. "ಅತ್ತಿ ಜೋಡಿ ಜಗಳಾಡಬ್ಯಾಡ" ಎಂದು ನಮ್ಮವ್ವ ಹತ್ತು ಸಲ ಬುದ್ಧಿ ಹೇಳಿ ಕಳಿಸಿದ್ದಳು. ಜಗಳವೇನೋ ದಿನಾ ಆಗುತ್ತಿತ್ತು, ಆದರೆ ಆಡುತ್ತಿದ್ದವಳು ನಾನೊಬ್ಬಳೇ. ಅತ್ತೆ ಎಲ್ಲ ಕೇಳಿಸಿಕೊಂಡು, "ಆತೇನವ್ವಾ? ಹಂಗಾರ ಉಣ್ಣೂಣು ಬಾ" ಎನ್ನುತ್ತಿದ್ದರು. ಅಂಥವರ ಜೊತೆ ಎಷ್ಟಂತ ಜಗಳವಾಡುವುದು!

ಅತ್ತೆಯ ತವರು ಪಕ್ಕದ ಊರು. ಲಗ್ನದಲ್ಲಿ ಅವರ ಅಪ್ಪ ಅರಿಷಿಣ-ಕುಂಕುಮಕ್ಕೆಂದು ಎರಡೂ ಊರಿನ ಗಡಿಯಲ್ಲಿದ್ದ ಒಂದು ಹೊಲ ಕೊಟ್ಟಿದ್ದರು. ಮನೆಯಲ್ಲಿ ಎಲ್ಲರೂ ಅದನ್ನು ತವರ ಹೊಲ ಎಂದೇ ಕರೆಯುತ್ತಿದ್ದರು. ಅತ್ತೆಯ ಅಪ್ಪ-ಅವ್ವ ಹೋದರು, ಇದ್ದೊಬ್ಬ ಅಣ್ಣನೂ ಮಕ್ಕಳಿಲ್ಲದೆ ಹೋದ, ತವರುಮನೆಯ ಗೋಡೆಯೂ ಬಿತ್ತು. ಕಡೆಗೆ ತವರು ಎಂದು ಉಳಿದದ್ದು ಆ ಹೊಲವೊಂದೇ. ಕಪ್ಪು ಎರಿಮಣ್ಣು, ಬಿಳಿಜೋಳಕ್ಕೆ ಹೇಳಿ ಮಾಡಿಸಿದ ನೆಲ. ಆದರೆ ಮಣ್ಣು ಇದ್ದದ್ದು ಮೊಳಕಾಲುದ್ದ ಮಾತ್ರ. ಅದರ ಕೆಳಗೆ ಫರಸಿ.

ಫರಸಿ ಎಂದರೆ ನಮ್ಮ ಕಡೆಯ ಹಾಸುಗಲ್ಲು. ಮುದ್ದೇಬಿಹಾಳ, ಬಾಗೇವಾಡಿ, ಸಿಂದಗಿ ಎಲ್ಲಿಯ ಮನೆಗೆ ಹೋದರೂ ಕಾಲಿಗೆ ತಣ್ಣಗೆ ತಾಗುವುದು ಅದೇ. ಮಾವನ ಕೊನೆಗಾಲದಲ್ಲಿ ಆ ಹೊಲದ ಕಲ್ಲಿನ ಮೇಲೆ ಬಾಬುರಾವ ಎಂಬ ಕಂತ್ರಾಟದಾರನ ಕಣ್ಣು ಬಿತ್ತು. ಮಾವ ಅತ್ತೆಯನ್ನು ಒಂದು ಮಾತೂ ಕೇಳದೆ ಹೊಲವನ್ನು ಕಲ್ಲು ತೆಗೆಯುವ ಖಣಿಗೆ ಬರೆದುಕೊಟ್ಟುಬಿಟ್ಟರು. ಗಂಡಸರ ಯಜಮಾನಿಕೆ, ಏನು ಮಾಡುತ್ತೀರಿ! ನಾನು ಆ ಮನೆಗೆ ಕಾಲಿಡುವ ಹೊತ್ತಿಗೆ ತವರ ಹೊಲದಲ್ಲಿ ದೊಡ್ಡ ತೆಗ್ಗು ಬಿದ್ದಿತ್ತು. ಸುತ್ತಿಗೆಯ ಸಪ್ಪಳ ನಮ್ಮ ಅಂಗಳದವರೆಗೂ ಕೇಳುತ್ತಿತ್ತು. ಆ ಸಪ್ಪಳ ಶುರುವಾದರೆ ಅತ್ತೆ ಮಾಡುತ್ತಿದ್ದ ಕೆಲಸ ಬಿಟ್ಟು ಒಳಗೆ ಹೋಗಿಬಿಡುತ್ತಿದ್ದರು.

ನಾನು ಹೇಳುತ್ತಿರುವ ವರ್ಷದ ಬೇಸಿಗೆಯಲ್ಲಿ ಖಣಿಯ ಕರಾರು ಮುಗಿಯಿತು. ಅಷ್ಟರಲ್ಲಿ ಅತ್ತೆಗೆ ಉಬ್ಬಸ ಹತ್ತಿತ್ತು. ನಾಲ್ಕು ಹೆಜ್ಜೆ ನಡೆದರೆ ಗೋಡೆ ಹಿಡಿಯುತ್ತಿದ್ದರು. ಆದರೆ ಕರಾರು ಮುಗಿದ ಸುದ್ದಿ ಕೇಳಿದ ದಿನ ಮುಖ ಅರಳಿತ್ತು. ರೊಟ್ಟಿ ಬಡಿಯುತ್ತ ಕೂತವರು ತಟ್ಟನೆ ಹೇಳಿದರು: "ಶಾಂತಾ, ನನಗ ಇನ್ನೇನೂ ಆಶಾ ಇಲ್ಲವ್ವಾ. ಈ ಹಿಂಗಾರಿಗೆ ತವರ ಹೊಲಾ ಬಿತ್ತಬೇಕು. ನನ್ನ ಹೊಲದ ಜ್ವಾಳದ ರೊಟ್ಟಿ ಒಮ್ಮೆ ಉಂಡು ಸಾಯ್ತೇನಿ. ನೀನೂ ಉಣ್ಣಬೇಕು. ಅದರ ರುಚೀನ ನಿನಗ ಗೊತ್ತಿಲ್ಲ."

"ಸಾಯೂ ಮಾತು ಯಾಕ್ರೀ ಈಗ? ಬಿತ್ತೂಣಂತ, ಉಣ್ಣೂಣಂತ" ಎಂದು ನಾನು ಗದರಿದೆ.

ಮೊದಲೆಲ್ಲ ಖಣಿಯವರು ಕಲ್ಲು ಮುಗಿದ ಮೇಲೆ ತೆಗ್ಗು ಹಾಗೇ ಬಿಟ್ಟು ಎದ್ದು ಹೋಗುತ್ತಿದ್ದರು. ನಮ್ಮ ಸುತ್ತಿನಲ್ಲಿ ಅಂಥ ತೆಗ್ಗು ಬೇಕಾದಷ್ಟಿದ್ದವು. ಮಳೆಗಾಲದಲ್ಲಿ ನೀರು ನಿಂತು ಎಮ್ಮೆ ಬೀಳುತ್ತಿದ್ದವು, ಒಮ್ಮೊಮ್ಮೆ ಮನುಷ್ಯರೂ ಬೀಳುತ್ತಿದ್ದರು. ಆಮೇಲೆ ಸರ್ಕಾರ ಬಿಗಿ ಮಾಡಿತು. ಮೇಲ್ಮಣ್ಣನ್ನು ಬೇರೆ ಗುಡ್ಡೆ ಹಾಕಿ ಕಾಯಬೇಕು, ತೆಗ್ಗನ್ನು ಕಲ್ಲಚಕ್ಕೆಯಿಂದ ತುಂಬಬೇಕು, ಅದರ ಮೇಲೆ ಅದೇ ಮಣ್ಣು ಹರಡಿ ಬಿತ್ತುವಂಥ ಹೊಲ ಮಾಡಿ ಒಡೆಯರಿಗೆ ಒಪ್ಪಿಸಬೇಕು ಎಂದು ನಮ್ಮ ಖಣಿಯ ಕರಾರಿನಲ್ಲಿ ಬರೆದಿತ್ತು. ಬರೆದದ್ದು ಬಹಳ ಕಡೆ ಬರೆದಲ್ಲೇ ಇರುತ್ತಿತ್ತು. ನಮ್ಮ ಪುಣ್ಯಕ್ಕೆ ಆ ವರ್ಷ ಆ ಕೆಲಸ ನೋಡಲು ಬಂದ ಅಧಿಕಾರಿ ಶ್ರೀಕಂಠಯ್ಯ ಸುಮ್ಮನೆ ಬಿಡುವ ಆಸಾಮಿಯಾಗಿರಲಿಲ್ಲ. ಮೈಸೂರು ಕಡೆಯವರು, ತೆಳ್ಳಗೆ, ಬಿಸಿಲಿಗೆ ಕೆಂಪಾದ ಮುಖ. ಊರವರು ಅವರನ್ನು ಖಣಿ ಸಾಹೇಬ ಎನ್ನುತ್ತಿದ್ದರು. ನಮ್ಮ ಮಾತು ಅವರಿಗೆ ಜಗಳದಂತೆ ಕೇಳುತ್ತಿತ್ತಂತೆ, ಅವರ ಮಾತು ನಮಗೆ ಮಗುವನ್ನು ಮಲಗಿಸಿದಂತೆ ಕೇಳುತ್ತಿತ್ತು.

ಚೈತ್ರದ ಬಿಸಿಲಲ್ಲಿ ಅವರು ಜೀಪು ತಂದು ಹೊಲದ ಬದುವಿಗೆ ನಿಲ್ಲಿಸಿದರು. ಅತ್ತೆಯನ್ನು ನಾನು ಕೈಹಿಡಿದು ಕರೆದುಕೊಂಡು ಹೋಗಿದ್ದೆ. ಹೊಲದ ಮೂಲೆಯಲ್ಲಿ ಎರಿಮಣ್ಣಿನ ಗುಡ್ಡೆ ಮನೆಯಷ್ಟು ಎತ್ತರ ನಿಂತಿತ್ತು. ಬಾಬುರಾವನನ್ನು ಬೈಯಬೇಕೆಂದರೂ ಆಗ ಬೈಯುವಂತಿರಲಿಲ್ಲ, ಅದೊಂದನ್ನು ಅವನು ನೆಟ್ಟಗೆ ಮಾಡಿದ್ದ.

"ಸಾಹೇಬ್ರ, ಕಲ್ಲ ತುಂಬೇನಿ. ಮ್ಯಾಲ ಮಣ್ಣು ಹಾಕಿ ಈಗಿಂದೀಗ ಮುಗಿಸಿಬಿಡ್ತೇನ್ರಿ. ನೀವೊಂದು ಸಹಿ ಮಾಡ್ರಿ, ನಾ ನನ್ನ ಹಾದಿ ಹಿಡೀತೇನಿ" ಎಂದ ಬಾಬುರಾವ.

"ಆಗಲ್ಲ ಬಾಬುರಾವ್. ಚಕ್ಕೆಗಳ ಮಧ್ಯೆ ಸಂದಿ ಇರುತ್ತೆ. ಈಗಲೇ ಮಣ್ಣು ಹಾಕಿದ್ರೆ ಮೊದಲನೇ ಮಳೆಗೇ ಎಲ್ಲಾ ಕೆಳಗೆ ಇಳಿದುಹೋಗುತ್ತೆ. ಒಂದು ಮುಂಗಾರು ಹೋಗಲಿ, ಕಲ್ಲು ಕೂತ್ಕೊಳ್ಳಲಿ. ಆಮೇಲೆ ಮಣ್ಣು ಹಾಕಿ. ಅಲ್ಲೀತನಕ ಈ ಗುಡ್ಡೆಯಿಂದ ಒಂದು ಬುಟ್ಟಿ ಮಣ್ಣು ನೀವು ಮುಟ್ಟೋ ಹಾಗಿಲ್ಲ."

ಆಮೇಲೆ ಅತ್ತೆಯ ಕಡೆ ತಿರುಗಿ, "ನಾನು ಮೊದಲು ಕಲ್ಲಿದ್ದಲು ಗಣಿ ಕಡೆ ಇದ್ದೆ ಅಮ್ಮಾ, ಬಿಹಾರದಲ್ಲಿ. ಅಲ್ಲಿ ಇದ್ದಲು ತೆಗೆದು ನೆಲಾನ ಹಾಗೇ ಬಿಟ್ಟು ಹೋಗಿದಾರೆ. ಭೂಮಿ ಒಳಗೆ ಬೆಂಕಿ ಉರೀತಾನೇ ಇರುತ್ತೆ. ಮೇಲಿನ ಹೊಲಗಳು ಕುಸಿದು ಹೋಗಿವೆ. ಕೇಳೋರೇ ಇರಲಿಲ್ಲ" ಎಂದರು.

"ಶಿವನ! ನೆಲದಾಗ ಬೆಂಕಿ? ಹಂಗಾರ ಮಂದಿ ಎಲ್ಲಿ ಬಿತ್ತತಾರ್ರಿ?"

"ಬಿತ್ತಲ್ಲ ಅಮ್ಮಾ. ಗಣಿಗೇ ಕೂಲಿಗೆ ಹೋಗ್ತಾರೆ."

ಮನೆಗೆ ಬಂದ ಮೇಲೂ ಅತ್ತೆಗೆ ಆ ಮಾತು ಅರಗಲಿಲ್ಲ. "ಬಿತ್ತೂ ಹೊಲಾ ಇದ್ದವರು ಕೂಲಿಗೆ ಹೋಗತಾರಂತ" ಎಂದು ನಾಲ್ಕು ದಿನ ಅದನ್ನೇ ಹೇಳಿದರು. ಆದರೆ ಸಾಹೇಬರ ಮೇಲೆ ಅವರಿಗೆ ಭಾಳ ಭರವಸೆ ಬಂತು. ಬಂದು ಹೋದವರ ಮುಂದೆಲ್ಲ, "ನನ್ನ ಮಣ್ಣ ಸರಕಾರ ಕಾಯಾಕತ್ತೈತಿ" ಎಂದು ಹೆಮ್ಮೆಪಟ್ಟುಕೊಂಡರು. ನನಗೂ ಹಿಗ್ಗಾಗಿತ್ತು. ಇಲ್ಲ ಎನ್ನಲೇಕೆ.

ಆ ಸೀಮೆಯಲ್ಲಿ ಒಂದು ಪದ್ಧತಿ. ಇನ್ನೊಬ್ಬರ ಹೊಲದ ಮಣ್ಣನ್ನು ಕೇಳದೆ ಒಂದು ಹಿಡಿಯೂ ಒಯ್ಯುವುದಿಲ್ಲ. ಎಲೆ-ಅಡಿಕೆ ತಂದು ಹೊಸ್ತಿಲಿಗಿಟ್ಟು ಕೇಳಬೇಕು. ಹಾಗೆ ಕೇಳಿದವರಿಗೆ ಹೊಲದವರು ಇಲ್ಲ ಎನ್ನುವುದಿಲ್ಲ, ಮೊದಲ ಹಿಡಿ ಮಣ್ಣನ್ನು ತಮ್ಮ ಕೈಯಿಂದಲೇ ಬುಟ್ಟಿಗೆ ಹಾಕಿ ಕೊಡುತ್ತಾರೆ. ಒಲೆ ಹಾಕಲು, ಕಣ ಬಳಿಯಲು, ಸತ್ತವರ ಕುಣಿಗೆ ಹಾಕಲು, ಯಾವುದಕ್ಕಾದರೂ ಸರಿ. ನಿಡಗುಂದಿಯಲ್ಲಿ ನಾವು ಇಷ್ಟು ಕಟ್ಟುನಿಟ್ಟು ಇರಲಿಲ್ಲ. ಇವರಿಗೆ ಮಾತ್ರ ಅದು ಮೀರುವ ಮಾತೇ ಅಲ್ಲ.

ಮಣ್ಣೆತ್ತಿನ ಅಮಾವಾಸ್ಯೆಗೆ ನಮ್ಮಲ್ಲಿ ಮಣ್ಣು ಕೇಳುವುದು ಶುರುವಾಯಿತು. ಎತ್ತು ಮಾಡಲು ಜಿಗುಟಾದ ಎರಿಮಣ್ಣೇ ಬೇಕು. ಓಣಿಯ ಹೆಂಗಸರು ಎಲೆ-ಅಡಿಕೆ ಹಿಡಿದು ಬಂದರು. ಅತ್ತೆ ಉಬ್ಬಸ ಬಿಡುತ್ತ ಹೊಲದವರೆಗೂ ನಡೆದು ಒಬ್ಬೊಬ್ಬರಿಗೂ ಮೊದಲ ಹಿಡಿ ಹಾಕಿಕೊಟ್ಟರು. ಗುಡ್ಡೆಗೆ ಅದರಿಂದ ಒಂದು ಇಲಿ ತೋಡಿದಷ್ಟೂ ಆಗಲಿಲ್ಲ. ಅವತ್ತು ಮನೆಮನೆಯ ಜಗುಲಿಯ ಮೇಲೆ ಕೂತಿದ್ದ ಎತ್ತುಗಳೆಲ್ಲ ತವರ ಹೊಲದ್ದೇ. ಅತ್ತೆ ಓಣಿ ತುಂಬ ತಿರುಗಾಡಿ ನೋಡಿ ಬಂದರು.

ಆ ಮುಂಗಾರು ಎಂಥ ಮಳೆ ಅಂತೀರಿ! ಅದಕ್ಕೆ ಮುಂಚಿನ ಬರದಲ್ಲಿ ಮೋಡ ನೋಡಿ ನೋಡಿ ಕುತ್ತಿಗೆ ನೊಂದಿದ್ದ ಜನ ಈಗ ಸಾಕಪ್ಪಾ ಸಾಕು ಎನ್ನುವಂತಾಯಿತು. ಆಷಾಢ ಪೂರ್ತಿ ಬಟ್ಟೆ ಒಣಗಲಿಲ್ಲ. ಕುಳ್ಳು ಒದ್ದೆಯಾಗಿ ಒಲೆ ಉರಿಯದೆ ಕಣ್ಣಲ್ಲಿ ನೀರು. ಒಂದು ಸಂಜೆ ಹಳ್ಳದ ಮೇಲಿನ ಹೊಲಗಳ ಒಡ್ಡುಗಳು ಒಂದರ ಹಿಂದೊಂದು ಒಡೆದವು. ಮಣ್ಣೆಲ್ಲ ಡೋಣಿ ಹೊಳೆಗೆ ಹರಿದುಹೋಯಿತು. ನಮ್ಮ ನೆರೆಯ ಮಲ್ಲಪ್ಪನ ಹೊಲದಲ್ಲಿ ಆಳು ನಿಂತರೆ ಕಾಣದಂಥ ಕೊರಕಲು ಬಿತ್ತು.

ಮಲ್ಲಪ್ಪ ಒಳ್ಳೆಯವ. ಮಾವ ಸತ್ತ ದಿನದಿಂದ ನಮ್ಮ ಬೇರೆ ಹೊಲದ ಗಳೇವು ಹೊಡೆದು ಉತ್ತುಕೊಡುತ್ತಿದ್ದವನೂ ಅವನೇ. ಒದ್ದೆ ಕಂಬಳಿ ಹೊದ್ದು ಹೊಸ್ತಿಲ ಹೊರಗೆ ಕೂತ. ಎಲೆ-ಅಡಿಕೆ ಮುಂದಿಟ್ಟ.

"ಅವ್ವಾರ, ಹೊಲಾ ಹರದು ಹೋತ್ರಿ. ಒಡ್ಡು ಹಾಕಲಿಲ್ಲಂದ್ರ ಹಿಂಗಾರಿ ಸೈತ ಹೋಗತೈತ್ರಿ. ಒಂದೆರಡು ಚಕ್ಕಡಿ ಮಣ್ಣ ಕೊಡ್ರಿ. ಬಿತ್ತಿಗಿ ಮುಂದ ನಾನ ನಿಮ್ಮ ಹೊಲಕ್ಕ ತಂದು ಹಾಕಿಕೊಡ್ತೇನಿ."

ನಾನು ಒಳಗಿನಿಂದಲೇ, "ಅತ್ತ್ಯಾರ, ಸಾಹೇಬ್ರು ಏನಂದಾರ? ಆ ಮಣ್ಣ ಮುಟ್ಟಬಾರದಂದಾರ" ಎಂದು ಕೂಗಿದೆ.

"ಕಂತ್ರಾಟದಾರಗ ಮುಟ್ಟಬ್ಯಾಡ ಅಂದಾರವ್ವಾ. ನನಗಲ್ಲ" ಎಂದು ಅತ್ತೆ ಸೆರಗು ಹೊದ್ದು ಎದ್ದರು. "ಗುಡ್ಡದಂಗ ಬಿದ್ದೈತಿ. ಎರಡು ಚಕ್ಕಡಿಗೆ ಏನಾಗತೈತಿ?"

ಎರಡು ಚಕ್ಕಡಿ ಹತ್ತಾಯಿತು. ಮಲ್ಲಪ್ಪನ ಹಿಂದೆ ಒಡ್ಡು ಕಳೆದುಕೊಂಡವರೆಲ್ಲ ಬಂದರು. ಯಾರೂ ಕಳ್ಳತನ ಮಾಡಲಿಲ್ಲ, ಅದೇ ನನ್ನ ಹೊಟ್ಟೆಯುರಿ. ಕದ್ದಿದ್ದರೆ ಬೀದಿಗಿಳಿದು ಮರ್ಯಾದೆ ತೆಗೆದುಬಿಡುತ್ತಿದ್ದೆ. ಎಲ್ಲರೂ ಕೈಮುಗಿದು ಕೇಳುವವರೇ, ಎಲ್ಲರೂ ಬಿತ್ತಿಗೆಗೆ ಮುಂಚೆ ತಂದು ಹಾಕುತ್ತೇವೆ ಎನ್ನುವವರೇ. ಅತ್ತೆ ಪ್ರತಿಯೊಬ್ಬರಿಗೂ ಆ ಮಳೆಯಲ್ಲಿ ಮೊದಲ ಹಿಡಿ ಹಾಕಲು ಹೋಗುತ್ತಿದ್ದರು. ನಾನು ಗೋಣಿಚೀಲದ ಕೊಪ್ಪೆ ಹಾಕಿಕೊಂಡು ಹಿಂದೆಹಿಂದೆ ಬೈದುಕೊಂಡು ನಡೆಯುತ್ತಿದ್ದೆ.

"ಇಲ್ಲಂತ ಒಂದ ಮಾತು ಅಂದ್ರ ನಾಲಿಗಿ ಬೀಳತೈತೇನ್ರಿ ನಿಮಗ?"

"ಅವರ ಹೊಲಾ ಹರದು ಹೋಗ್ಯಾವ ಶಾಂತಾ. ನನ್ನ ಹೊಲಾ ಅಗದು ಹೋದಾಗ ನನಗೆಷ್ಟು ಸಂಕಟ ಆಗಿತ್ತು, ಗೊತ್ತೈತೇನು? ಅದ ಸಂಕಟ ಅವರಿಗೂ ಆಗೈತಿ. ಮಣ್ಣ ಬೇಡಾಕ ಬಂದವರಿಗೆ ಏನಂತ ಇಲ್ಲ ಅನ್ಲಿ?"

ಶನಿವಾರ ಬಂದ ಗಂಡನ ಮುಂದೆ ಹೇಳಿಕೊಂಡು ಕಣ್ಣೀರು ಹಾಕಿದೆ. ಅವರು, "ಅವ್ವನ ಹೊಲ, ಅವ್ವನ ಮಣ್ಣು, ನಡುವ ನಂದೇನು" ಎಂದು ವರ್ತಮಾನ ಪತ್ರಿಕೆ ಬಿಡಿಸಿಕೊಂಡು ಕೂತರು. ಮಾಸ್ತರಿಕೆಯೆಲ್ಲ ಸಾಲಿಯಲ್ಲೇ ಮುಗಿಸಿ ಬರುತ್ತಿದ್ದರು.

ಉಳಿದ ಗುಡ್ಡೆಯನ್ನು ಮಳೆಯೂ ಬಿಡಲಿಲ್ಲ. ಬಿಡಿಮಣ್ಣು, ಅಡಿಯಿಂದ ಕೊಚ್ಚಿಕೊಂಡು ಹೋಯಿತು. ಭಾದ್ರಪದದಲ್ಲಿ ಬಿಸಿಲು ಬಿದ್ದ ದಿನ ನಾನೊಬ್ಬಳೇ ಹೊಲಕ್ಕೆ ಹೋದೆ. ಮನೆಯಷ್ಟು ಎತ್ತರವಿದ್ದಲ್ಲಿ ನನ್ನ ಮೊಣಕಾಲಿಗೆ ಬರುವಷ್ಟು ಉಳಿದಿತ್ತು. ಎದುರಿಗೆ ತುಂಬಿದ ತೆಗ್ಗು, ಸಾಹೇಬರು ಹೇಳಿದ ಹಾಗೆ ಕಲ್ಲು ಚೊಲೋ ಕೂತಿತ್ತು. ಬೆಳ್ಳಗೆ ಚಕ್ಕೆ, ಬದುವಿನಿಂದ ಬದುವಿಗೆ ಬರೀ ಚಕ್ಕೆ, ಒದ್ದೆ ಕಲ್ಲುಪುಡಿಯ ಅದೇ ವಾಸನೆ. ನಾನು ಅಲ್ಲೇ ಕೂತು ಜೋರಾಗಿ ಅತ್ತುಬಿಟ್ಟೆ. ನೋಡುವವರು ಯಾರೂ ಇರಲಿಲ್ಲವಲ್ಲ.

ಮಹಾನವಮಿ ಹತ್ತಿರ ಬಂದಾಗ ಶ್ರೀಕಂಠಯ್ಯನವರ ಜೀಪು ಬಂತು. ಬಾಬುರಾವನೂ ಆಳುಗಳನ್ನು ಕರೆದುಕೊಂಡು ಬಂದಿದ್ದ. ಸಾಹೇಬರು ಇಳಿದವರೇ ಗುಡ್ಡೆ ಇದ್ದ ಜಾಗ ನೋಡಿ ಅವನ ಮೇಲೆ ಹರಿಹಾಯ್ದರು. "ಎಲ್ರೀ ಮಣ್ಣು? ಯಾರಿಗೆ ಮಾರಿದ್ರಿ? ನಿಮ್ಮನ್ನ ಸುಮ್ನೆ ಬಿಡಲ್ಲ ನಾನು!"

ಬಾಬುರಾವ ಎರಡೂ ಕೈ ಎತ್ತಿದ. "ದೇವರಾಣಿ ನಾ ಮುಟ್ಟಿಲ್ರಿ ಸಾಹೇಬ್ರ. ಬೇಕಾದ್ರ ಊರಾಗ ಕೇಳ್ರಿ."

"ಅಂವಗ ಬೈಬ್ಯಾಡ್ರಿ" ಎಂದರು ಅತ್ತೆ. "ನಾನ ಕೊಟ್ಟೇನ್ರಿ. ಮಂದಿ ಒಡ್ಡು ಒಡದಿದ್ದವು."

ಸಾಹೇಬರು ಟೊಪ್ಪಿಗೆ ತೆಗೆದರು. "ಅಮ್ಮಾ, ಗುತ್ತಿಗೆದಾರರು ಒಂದು ಬುಟ್ಟಿ ತೆಗೆದಿದ್ರೂ ಅವರಿಂದ ಪೂರ್ತಿ ಮಣ್ಣು ಹಾಕಿಸ್ತಿದ್ದೆ. ಹೊಲದ ಒಡತಿಯೇ ಕೊಟ್ಟುಬಿಟ್ರೆ ನಾನು ಯಾರ ಮೇಲೆ ಕ್ರಮ ತಗೊಳ್ಳಲಿ? ಇಂಥಾದ್ದು ಆಗುತ್ತೆ ಅಂತ ನಿಯಮ ಮಾಡಿದೋರಿಗೆ ಗೊತ್ತೇ ಇಲ್ಲ."

"ತಂದು ಹಾಕ್ತೇವಿ ಅಂದಾರ್ರಿ" ಎಂದರು ಅತ್ತೆ.

ನಾನು ಇನ್ನು ತಡೆಯಲಿಲ್ಲ. ಮಲ್ಲಪ್ಪನ ಹೊಲ ಪಕ್ಕದಲ್ಲೇ ಇತ್ತು, ಕೂಗಿ ಕರೆದೆ. ಅವನು ಓಡಿ ಬಂದ. ಸಾಹೇಬರನ್ನು, ಅತ್ತೆಯನ್ನು ನೋಡಿ ವಿಷಯ ತಿಳಿದು ತಲೆ ತಗ್ಗಿಸಿದ. "ಅವ್ವಾರ, ಹೋದ ವಾರ ಬಿತ್ತೇನ್ರಿ. ಹದಾ ಹೋಗತಿತ್ತು. ಒಡ್ಡಿನ ಸಾಲಾಗ ನಿಮ್ಮ ಮಣ್ಣಾಗನ ಜ್ವಾಳ ಮೊಳಕಿ ಒಡದೈತಿ. ನೀವು ಹೂಂ ಅಂದ್ರ ಈಗ ಗುದ್ದಲಿ ತರ್ತೇನಿ. ಖರೇ ಹೇಳತೇನ್ರಿ, ಕೆದರಿ ಕೊಡ್ತೇನಿ."

ನಾವೆಲ್ಲ ಅತ್ತೆಯ ಬಾಯಿ ನೋಡುತ್ತ ನಿಂತೆವು. ಅವರು ಹೂಂ ಅನ್ನಲಿ ಎಂದು ನಾನು ಮನಸ್ಸಿನಲ್ಲೇ ಕಂಡ ದೇವರಿಗೆಲ್ಲ ಕೈಮುಗಿದೆ. ಒಂದು ಸಲ, ಒಂದೇ ಒಂದು ಸಲ ತಮಗೋಸ್ಕರ ಹೂಂ ಅನ್ನಲಿ.

ಅತ್ತೆ ಆ ಹೊಲದ ಕಡೆ ತಿರುಗಿ ನೋಡಿದರು. ಒಡ್ಡಿನುದ್ದಕ್ಕೂ ಹಸಿರು ಎಳೆ ಎದ್ದಿತ್ತು. "ಹುಚ್ಚ ಅದಿಯೇನೋ ಮಲ್ಲಪ್ಪ" ಎಂದರು. "ಮೊಳಕಿ ಒಡದ ಹೊಲಾ ಯಾರಾರ ಕೆದರತಾರೇನು? ಹೋಗು, ನಿನ್ನ ಕೆಲಸಾ ನೋಡು."

ಸಾಹೇಬರು ತಮ್ಮ ಅಧಿಕಾರದಲ್ಲಿ ಆಗುವಷ್ಟು ಮಾಡಿದರು. ಬಾಬುರಾವನನ್ನು ಗದರಿಸಿ ಉಳಿದ ಮಣ್ಣನ್ನೆಲ್ಲ ಬಳಿಸಿ ಚಕ್ಕೆಯ ಮೇಲೆ ಹರಡಿಸಿದರು. ಹೊಲ ಕಪ್ಪಗೆ ಕಂಡಿತು, ಅಷ್ಟೇ. ಬೆರಳು ಚುಚ್ಚಿದರೆ ಕಲ್ಲು ತಾಗುತ್ತಿತ್ತು. ಹೋಗುವಾಗ ಅವರು ಅತ್ತೆಗೆ ಬಾಗಿ ನಮಸ್ಕಾರ ಮಾಡಿದರು. ಅದೇ ವರ್ಷ ಅವರಿಗೆ ಬೇರೆ ಕಡೆ ವರ್ಗವಾಯಿತು.

ಅತ್ತೆ ಹಟ ಹಿಡಿದು ಬಿತ್ತಿಸಿದರು. ಮಲ್ಲಪ್ಪನೇ ಕೂರಿಗೆ ಹೊಡೆದ. ಕೂರಿಗೆ ಹಲ್ಲು ಚಕ್ಕೆಗೆ ತಾಗಿ ಕಿರ್ ಎನ್ನುತ್ತಿದ್ದರೆ ಅವನು ನಮ್ಮ ಕಡೆ ನೋಡುತ್ತಿರಲಿಲ್ಲ. ಜೋಳ ಹುಟ್ಟಿತು. ನಾಲ್ಕು ಬೆರಳು ಎದ್ದಾಗ ಅತ್ತೆಯ ಸಂಭ್ರಮ ನೋಡಬೇಕಿತ್ತು, ಕೂಸಿಗೆ ಹಲ್ಲು ಬಂದ ಹಾಗೆ ಓಣಿಗೆಲ್ಲ ಹೇಳಿದರು. ದೀಪಾವಳಿಯ ಪಾಡ್ಯ ಕಳೆಯುವಷ್ಟರಲ್ಲಿ ಬೇರಿಗೆ ಕಲ್ಲು ಸಿಕ್ಕಿತು. ಒಂದು ವಾರದ ಬಿಸಿಲಿಗೆ ಪೂರಾ ಹೊಲ ಹಳದಿಗೆ ತಿರುಗಿತು. ಸುತ್ತಲಿನ ಹೊಲಗಳಲ್ಲಿ ಜೋಳ ಮೊಣಕಾಲು ಮೀರಿ ನಿಂತಿತ್ತು. ಅತ್ತೆ ಒಣಗಿದ್ದನ್ನು ಕಿತ್ತು ದನಕ್ಕೆ ಹಾಕಲೂ ಬಿಡಲಿಲ್ಲ. ಆಮೇಲೆ ಆ ಕಡೆಗೆ ಹೋಗುವುದನ್ನೇ ಬಿಟ್ಟರು. ಉಬ್ಬಸ ಹೆಚ್ಚಾಯಿತು. ಚಳಿಗಾಲವನ್ನು ಹಾಸಿಗೆಯಲ್ಲೇ ಕಳೆದರು. ನಾನು ಬೈಯುವುದನ್ನು ಬಿಟ್ಟೆ. ಅದು ಅವರಿಗೆ ಸೇರಲಿಲ್ಲ, "ಯಾಕ ಸುಮ್ಮನಾದಿ, ಜಗಳಾಡ ಒಂದಿಷ್ಟು" ಎನ್ನುತ್ತಿದ್ದರು.

ಶಿವರಾತ್ರಿ ಆದ ಮೇಲೆ ಮಲ್ಲಪ್ಪನ ರಾಶಿಯಾಯಿತು. ಒಂದು ಮುಂಜಾನೆ ಅವನು ಹೆಗಲ ಮೇಲೆ ಚೀಲ ಹೊತ್ತು ಬಂದ. ಪಡಸಾಲೆಯಲ್ಲಿ ಇಳಿಸಿ, ನಿಂತೇ ಹೇಳಿದ: "ಅವ್ವಾರ, ಒಡ್ಡಿನ ಸಾಲಿಂದು ಬ್ಯಾರೆ ಬಡದು ಬ್ಯಾರೆ ತೂರೇನ್ರಿ. ಇದು ನಿಮ್ಮ ಮಣ್ಣಾಗ ಬೆಳದದ್ದು."

ಅತ್ತೆ ಎದ್ದು ಕೂತರು. ನಾನು ಕಾಳು ಹಾಕಿಸಿಕೊಳ್ಳಲು ಮೊರ ತರುವಷ್ಟರಲ್ಲಿ ಅವರು ಸೆರಗು ಬಿಡಿಸಿ ಎರಡೂ ಕೈಯಲ್ಲಿ ಮುಂದೆ ಹಿಡಿದಿದ್ದರು. ಕಣಕ್ಕೆ ಬೇಡಲು ಬಂದವರು ಹಾಗೆ ಸೆರಗು ಒಡ್ಡುತ್ತಾರೆ. ಮಲ್ಲಪ್ಪ ಗಾಬರಿಯಾದ. "ಏನವ್ವಾರ, ಹಿಂಗ ಮಾಡಬ್ಯಾಡ್ರಿ, ನನಗ ಪಾಪ ಸುತ್ತತೈತಿ" ಎಂದ. ಅವರು ಕೈ ಹಿಂದಕ್ಕೆ ತೆಗೆಯಲಿಲ್ಲ. ಕಡೆಗೆ ಅವನು ಬೊಗಸೆ ತುಂಬ ಕಾಳು ಸೆರಗಿಗೆ ಹಾಕಿ, ಕಣ್ಣು ಒರೆಸಿಕೊಂಡು ಹೊರಟುಹೋದ.

ಅವತ್ತೇ ಬೀಸಿ ರೊಟ್ಟಿ ಬಡಿದೆ. ಒಲೆಯ ಮುಂದೆ ಮಣೆ ಹಾಕಿ ಅತ್ತೆಯನ್ನು ಕೂರಿಸಿದೆ. ಮೊದಲನೆಯ ರೊಟ್ಟಿ ಬಿಸಿಬಿಸಿ ಅವರ ತಟ್ಟೆಗೆ ಹಾಕಿದೆ. ಪಲ್ಯ ಬೇಡ ಎಂದರು, ಬೆಣ್ಣೆಯೂ ಬೇಡ ಎಂದರು. ಬರೀ ರೊಟ್ಟಿ ಮುರಿದು ಬಾಯಿಗಿಟ್ಟು ಕಣ್ಣು ಮುಚ್ಚಿ ಬಹಳ ಹೊತ್ತು ಅಗಿದರು. ನಾನು ಹಿಟ್ಟಿನ ಕೈಯಲ್ಲೇ ಕಾದು ಕೂತೆ.

"ಹೆಂಗೈತ್ರಿ?"

"ಅದ ರುಚಿ ಶಾಂತಾ. ಅದ. ಒಂಚೂರೂ ಹೆಚ್ಚುಕಡಿಮಿ ಇಲ್ಲ." ಇನ್ನೊಂದು ತುತ್ತು ಮುರಿಯಲು ಹೋದ ಕೈ ಹಾಗೇ ನಿಂತಿತು. "ಆದ್ರ ಮಂದಿ ಹೊಲದ್ದು ನೋಡು."

ಉಳಿದ ರೊಟ್ಟಿಯನ್ನು ನನ್ನ ಕೈಗಿಟ್ಟು, ಗೋಡೆ ಹಿಡಿದು ಎದ್ದು ಒಳಗೆ ಹೋದರು. ಮುಂದಿನ ಮುಂಗಾರು ಬರುವವರೆಗೆ ಅವರು ಉಳಿಯಲಿಲ್ಲ. ತವರ ಹೊಲದ ಮಣ್ಣಿನ ಜೋಳ ನಾನು ಅವರ ಕೈಯಿಂದ ಉಂಡದ್ದು ಆ ಮುರಿದ ರೊಟ್ಟಿಯೊಂದೇ, ಅದರ ರುಚಿ ಏನೆಂದು ಅವತ್ತು ನನಗೆ ತಿಳಿಯಲಿಲ್ಲ.